ನಮ್ಮ ಮನಿ ನೀರು

ಗಂಗಾವತಿಯಿಂದ ಕುಷ್ಟಗಿಗೆ ಹೋಗುವ ಬಸ್ಸಿಗೆ ನೀರು ತುಂಬಿದ ಎರಡು ಕ್ಯಾನು ಹಿಡಿದು ಹತ್ತಿದವರನ್ನು ಕಂಡಕ್ಟರ್ ಸುಮ್ಮನೆ ಬಿಡುವುದಿಲ್ಲ. ಎಣ್ಣೆಯೋ ಹಾಲೋ ಆದರೆ ಲಗೇಜು ಹಾಕಿ ಮುಗಿಸುತ್ತಾನೆ. ನೀರೆಂದರೆ ಅವನಿಗೂ ಒಂದು ಮಾತು ಆಡಬೇಕೆನಿಸುತ್ತದೆ. “ಏನವ್ವ, ನೀರು ಬೀಗರ ಮನಿಗೆ ಕರಕೊಂಡು ಹೊಂಟಿಯೇನು?” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲಿಲ್ಲ, ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ನೀರು ಹೊರಟಿದ್ದು ನನ್ನ ಸೋದರತ್ತೆಯ ಮನೆಗೆ. ಅತ್ತೆ ಇರುವುದು ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ನಮ್ಮ ಗಂಗಾವತಿ ಕಡೆ ಕಾಲುವೆ ನೀರು; ಮರಳಿ, ಸಿದ್ದಾಪುರ ಊರುಗಳ ತನಕ ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ಬಸ್ಸು ಕನಕಗಿರಿ ದಾಟಿ ತಾವರಗೇರಾ ಕಡೆ ಹೊರಳಿತೆಂದರೆ ಕುಡಿಯುವುದಕ್ಕೂ ಬೋರಿನ ನೀರೇ ಗತಿ. ಆ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲಿಗೆ ಕಂದು ಪಟ್ಟೆ ಎಳೆಯುತ್ತದೆ, ಮೂಳೆಗೆ ಇಳಿದರೆ ಕೀಲು ಬಿಗಿಯುತ್ತದೆ. ಅತ್ತೆಯ ಕುತ್ತಿಗೆ ತಿರುಗುವುದಿಲ್ಲ. ಹಿಂದಿನಿಂದ ಕರೆದರೆ ಆಕೆ ಇಡೀ ಮೈಯನ್ನೇ ಹೊರಳಿಸಿ ನೋಡುತ್ತಾಳೆ, ಬಂಡಿ ತಿರುಗಿಸಿದ ಹಾಗೆ.

ಫೋನಿನಲ್ಲಿ ಆಕೆ ಹೇಳಿದ್ದು ಇಷ್ಟು: ಫಾರೆನ್ನಿನಿಂದ ಮಂದಿ ಮನೆಗೆ ಬರುತ್ತಿದ್ದಾರೆ, ಬಂದವರಿಗೆ ಈ ನೀರು ಕೊಡುವುದು ಹೇಗೆ, ನಿಮ್ಮ ಕಡೆಯ ಸಿಹಿನೀರು ತೆಗೆದುಕೊಂಡು ಬಾ. ನಾನು ವಾದಕ್ಕೆ ನಿಂತೆ. ಆ ಮಂದಿ ಬರುತ್ತಿರುವುದೇ ನಿಮ್ಮೂರ ನೀರು ಕೆಟ್ಟದ್ದು ಅನ್ನುವುದನ್ನು ಕೇಳಲಿಕ್ಕೆ, ಅವರಿಗೆ ಗಂಗಾವತಿಯ ನೀರು ಕುಡಿಸಿದರೆ ನಿನ್ನ ಕೇಸು ಏನಾಗಬೇಕು ಎಂದೆ. “ನಿನ್ನ ವಕೀಲ್ಕಿ ಕೋರ್ಟಿನ್ಯಾಗ ಮಾಡು,” ಎಂದು ಫೋನು ಇಟ್ಟಳು.

ಕೆಲವು ವರ್ಷಗಳ ಹಿಂದೆ ಅತ್ತೆಯ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು. ನೀಲಿ ತಗಡಿನ ಶೆಡ್ಡು, ನಾಣ್ಯ ಹಾಕುವ ಡಬ್ಬಿ, ಯಂತ್ರ ನಡೆಯುತ್ತಿದೆ ಎಂದು ತಿಳಿಸುವ ಒಂದು ಹಸಿರು ದೀಪ. ಯಂತ್ರ ವಿದೇಶದ ಒಂದು ಕಂಪನಿಯದ್ದು. ಮೊದಲ ಕೆಲವು ತಿಂಗಳು ನೀರು ಸಿಹಿಯಾಗಿಯೇ ಇತ್ತು. ಅಲ್ಲಿಯ ಬೋರಿನ ನೀರಿಗೆ ಆ ಯಂತ್ರ ತಾಳುವುದಿಲ್ಲ ಎಂದು ಕಂಪನಿಗೆ ಗೊತ್ತಿತ್ತು, ತಪಾಸಣೆ ಮಾಡಿದವರಿಗೂ ಗೊತ್ತಿತ್ತು. ನಡುವೆ ಒಬ್ಬ ಏಜೆಂಟ್ ಇದ್ದ; ಅವನ ಕೈಯಿಂದ ಮುಟ್ಟಬೇಕಾದವರಿಗೆ ಮುಟ್ಟಿ, ಯಂತ್ರ ಪಾಸಾಯಿತು. ಅದು ಕೆಟ್ಟ ಮೇಲೆ ಯಾರೋ ಒಂದು ಪೈಪನ್ನು ಅಡ್ಡ ಜೋಡಿಸಿ ಬೋರಿನ ನೀರನ್ನೇ ಸ್ವಲ್ಪ ಸ್ವಲ್ಪ ಬೆರೆಸುತ್ತ ಬಂದರು. ಕಡೆಗೆ ಬರುತ್ತಿದ್ದುದೆಲ್ಲ ಬೋರಿನದೇ. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ರುಚಿ ಯಾಕೋ ಬೇರೆ ಅನಿಸುತ್ತದೆ ಎಂದು ಹೆಂಗಸರು ಕೇಳಿದರೆ, ಬೇಸಿಗೆಯಲ್ಲವೇ, ಹಾಗೇ ಇರುತ್ತದೆ ಎಂದು ಹೇಳಿ ಕಳಿಸುತ್ತಿದ್ದರಂತೆ.

ಇದು ಹೊರಬಿದ್ದದ್ದು ಇಲ್ಲಿನ ಯಾವ ಕಚೇರಿಯಿಂದಲೂ ಅಲ್ಲ. ಆ ಕಂಪನಿಯ ದೇಶದಲ್ಲೇ ಅದರ ವ್ಯವಹಾರ ಕೆದಕಿದಾಗ ಏಜೆಂಟನ ಕಥೆ ಬಯಲಾಯಿತು. ಕಂಪನಿ ತಪ್ಪೊಪ್ಪಿಕೊಂಡಿತು, ದಂಡ ಕಟ್ಟಿತು. ದಂಡ ಸೇರಿದ್ದು ಎಲ್ಲಿಗೆ? ಅವರ ಸರ್ಕಾರದ ಖಜಾನೆಗೆ. ಲಂಚ ತಿಂದವರು ನಮ್ಮವರು, ನೀರು ಕುಡಿದವರು ನಮ್ಮವರು, ದಂಡ ಜಮಾ ಮಾಡಿಕೊಂಡವರು ಅವರು. ಅಲ್ಲಿನ ಕೆಲವು ವಕೀಲರಿಗೇ ಇದು ಸರಿಕಾಣಲಿಲ್ಲ. ಅದರಲ್ಲೊಂದು ಪಾಲು ನೀರು ಕುಡಿದವರಿಗೆ ಸೇರಬೇಕೆಂದು ಅರ್ಜಿ ಹಾಕಿದರು. ಹಾಗಾದರೆ ಕುಡಿದು ಕೆಟ್ಟವರು ಯಾರು, ತೋರಿಸಿ ಎಂದಿತು ಅಲ್ಲಿನ ನ್ಯಾಯಾಲಯ. ಅದಕ್ಕಾಗಿ ಬಂದಿದ್ದರು ಅವರು, ಸಾಕ್ಷಿ ಹೇಳಿಕೆ ಪಡೆಯಲಿಕ್ಕೆ.

ಇನ್ನೊಂದು ತಮಾಷೆ ಕೇಳಿ. ಈ ಅರ್ಜಿಯ ಸುದ್ದಿ ತಿಳಿದಾಗ ನಾವೇ ಸಂತ್ರಸ್ತರು ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಯಂತ್ರ ಪಾಸು ಮಾಡಿದ ಇಲಾಖೆ. ತನ್ನ ನೌಕರರನ್ನು ಕಂಪನಿ ಕೆಡಿಸಿದ್ದರಿಂದ ತನಗೆ ನಷ್ಟವಾಗಿದೆ, ಪರಿಹಾರ ತನಗೇ ಬರಬೇಕು ಎಂಬುದು ಅದರ ವಾದ. ಕಾನೂನಿನಲ್ಲಿ ಅದು ನಿಲ್ಲುವ ವಾದ. ನಾನೂ ಓದಿದ್ದು ಕಾನೂನನ್ನೇ.

ಪದವಿ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಕೊಪ್ಪಳ, ಯಲಬುರ್ಗಾ, ಎಲ್ಲಿ ಸ್ಪರ್ಧೆ ಇದ್ದರೂ ಚೀಟಿ ಎತ್ತಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿ ಬರುತ್ತಿದ್ದೆ. ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಒಂದು ನಿಯಮ ಹೇಳಿಕೊಟ್ಟಿದ್ದರು: ಎದುರಾಳಿಯ ಅತ್ಯಂತ ಗಟ್ಟಿಯಾದ ಮಾತನ್ನು ಅವನಿಗಿಂತ ಮೊದಲು ನೀನೇ ಹೇಳಿಕೊಂಡು ನೋಡು. ಬಸ್ಸಿನಲ್ಲಿ ಕೂತು ಹಾಗೆಯೇ ನೋಡಿದೆ. ಕಂಪನಿಯ ಗಟ್ಟಿ ಮಾತು ಯಾವುದು? ಈ ಊರಿನ ಕೀಲುಗಳು ಬಿಗಿದದ್ದು ನಮ್ಮ ಯಂತ್ರ ಬರುವುದಕ್ಕಿಂತ ಎಷ್ಟೋ ಮುಂಚೆ. ನಾವು ಲಂಚ ಕೊಟ್ಟಿರಬಹುದು, ನೆಲದೊಳಗೆ ಫ್ಲೋರೈಡ್ ಹಾಕಿದವರು ನಾವಲ್ಲ. ಒಪ್ಪಬೇಕಾದ ಮಾತು. ಅತ್ತೆಯ ಕುತ್ತಿಗೆ ಘಟಕ ಬರುವ ಮೊದಲೇ ಹಾಗಿತ್ತು.

ಆದರೆ ಅತ್ತೆ ಸಾಕ್ಷಿಗೆ ನಿಂತದ್ದು ತನ್ನ ಕುತ್ತಿಗೆಗಾಗಿ ಅಲ್ಲ. ಮೊಮ್ಮಗಳ ಹಲ್ಲಿಗಾಗಿ.

ಅತ್ತೆಗೆ ಒಬ್ಬಳೇ ಮಗಳು, ನಾನು ಅಕ್ಕ ಎಂದು ಕರೆಯುವವಳು. ಅಕ್ಕನನ್ನು ಸಿದ್ದಾಪುರಕ್ಕೆ ಕೊಟ್ಟಿದ್ದಾರೆ. ಅಕ್ಕನೂ ಭಾವನೂ ರೈಸ್ ಮಿಲ್ಲಿನ ಕೆಲಸಕ್ಕೆ ಹೋಗುವವರು; ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ತವರಿನಲ್ಲಿ ಬಿಡೋಣವೆಂದರೆ ನೀರಿನ ಹೆದರಿಕೆ. ಆ ನೀರು ಕುಡಿದು ಅಕ್ಕನ ಹಲ್ಲೇ ಕಂದು. ಗಂಡಿನ ಕಡೆಯವರು ನೋಡಲು ಬಂದಾಗಲೆಲ್ಲ ಆಕೆ ತುಟಿ ಬಿಚ್ಚದೆ ಕೂತವಳು. ಘಟಕ ಬಂದ ವರ್ಷ ಅತ್ತೆ ಮಗಳಿಗೆ ಹೇಳಿದಳು: ಫಿಲ್ಟರ್ ಬಂದೈತಿ, ಈಗೇನು ಹೆದರಿಕೆ ಇಲ್ಲ, ಕೂಸಿನ್ನ ನನ್ನ ಕಡೆ ಬಿಡು. ಅಕ್ಕ ಬಿಟ್ಟಳು. ಮೊಮ್ಮಗಳು ಅಲ್ಲೇ ಬೆಳೆದು, ಹಾಲುಹಲ್ಲು ಬಿದ್ದು ಎರಡನೆಯ ಹಲ್ಲು ಬಂದಾಗ ಒಂದೊಂದೂ ಕಂದು ಪಟ್ಟೆ ಹೊತ್ತುಕೊಂಡೇ ಬಂತು. ಅಕ್ಕ ಮಗಳನ್ನು ಕರೆದುಕೊಂಡು ಹೋದವಳು ಮತ್ತೆ ತವರಿಗೆ ಕಾಲಿಟ್ಟಿಲ್ಲ. ಹೋಗುವಾಗ ಒಂದೇ ಮಾತು ಹೇಳಿದ್ದು: “ನೀನ ಕುಡಿಸಿದಿ.”

ಕಂಪನಿಯ ಗಟ್ಟಿ ಮಾತು ಮುರಿಯುವುದು ಇಲ್ಲಿ. ಲಂಚ ಇರದಿದ್ದರೆ ಆ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಹಸಿರು ದೀಪವಿಲ್ಲ, ಹಸಿರು ದೀಪವಿಲ್ಲದಿದ್ದರೆ ಆ ಕೂಸು ಆ ಊರಿಗೇ ಬರುತ್ತಿರಲಿಲ್ಲ. ಇಷ್ಟು ಕಡಿಯದ ಸರಪಳಿ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಅತ್ತೆಗೆ ಸರಪಳಿ ಬೇಕಿರಲಿಲ್ಲ. ಪರಿಹಾರ ಎಷ್ಟು ಬರುತ್ತದೆ ಎಂದು ಆಕೆ ಒಂದು ಸಲವೂ ಕೇಳಲಿಲ್ಲ. ಕೇಳಿದ್ದು ಬೇರೆ: “ಇದರಾಗ ನಂದು ತಪ್ಪಿಲ್ಲ ಅಂತ ಅವರು ಬರದು ಕೊಡ್ತಾರೇನು? ಆಕಿಗೆ ತೋರ್ಸಾಕ ಬೇಕಿತ್ತು.” ಹಾಗೆ ಯಾರೂ ಬರೆದು ಕೊಡುವುದಿಲ್ಲ ಎಂದೆ. ಆದರೆ ತೀರ್ಪು ಕಂಪನಿಯದೇ ತಪ್ಪು ಎಂದರೆ ನಿನ್ನದಲ್ಲ ಎಂದೇ ಆಯಿತಲ್ಲ ಎಂದೆ. ಅಷ್ಟು ಸಾಕು ಎಂದಳು.

ನನ್ನನ್ನು ಅಲ್ಲಿಗೆ ಎಳೆದದ್ದು ಬೇರೆ ಕಾರಣ. ಬೆಂಗಳೂರಿನಿಂದ ಕರೆತಂದಿದ್ದ ದುಭಾಷಿಗೆ ಆ ಊರಿನ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಗಂಗಾವತಿಯಲ್ಲಿ ನಾನು ಜೂನಿಯರ್ ಆಗಿರುವ ವಕೀಲರ ಮೂಲಕ ನನಗೆ ಕರೆ ಬಂತು. ಸಾಕ್ಷಿಗಳಲ್ಲಿ ಒಬ್ಬಾಕೆ ನನ್ನ ಸೋದರತ್ತೆ ಎಂದು ನಾನು ಮೊದಲೇ ಹೇಳಿದೆ. ಎರಡೂ ಕಡೆಯವರು ಯೋಚಿಸಿದರು, ಅದನ್ನು ದಾಖಲೆಗೆ ಹಾಕಿಕೊಂಡರು, ಬೇರೆ ಯಾರೂ ಸಿಗಲಿಲ್ಲವಾದ್ದರಿಂದ ಒಪ್ಪಿದರು. ಆದರೆ ಪ್ರಮಾಣ ಮಾಡಿಸಿದರು: ಹೇಳಿದ್ದನ್ನು ಹೇಳಿದ ಹಾಗೆ ಹೇಳುತ್ತೇನೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ, ನನ್ನ ಮಾತು ಸೇರಿಸುವುದಿಲ್ಲ. ಇದನ್ನು ಅತ್ತೆಗೆ ವಿವರಿಸಿದಾಗ ಆಕೆ ಹೊಟ್ಟೆ ಹಿಡಿದು ನಕ್ಕಳು. “ನಿನ್ನ ಬಾಯಿ ಕಟ್ಟಾಕ ಫಾರೆನ್ನಿನಿಂದ ಮಂದಿ ಬರಬೇಕಾತು ನೋಡು.”

ಅವರ ಕ್ರಮ ಹೀಗಿತ್ತು: ಮೊದಲ ದಿನ ಸಾಕ್ಷಿಯ ಮನೆಯಲ್ಲೇ ಹೇಳಿಕೆ, ಮಾರನೆಯ ದಿನ ಕುಷ್ಟಗಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಲಾಡ್ಜಿನ ಹಾಲಿನಲ್ಲಿ ಅದೇ ಹೇಳಿಕೆಯ ಮೇಲೆ ಮತ್ತೊಮ್ಮೆ ಪ್ರಶ್ನೆ. ಎರಡೂ ಕ್ಯಾಮೆರಾದ ಎದುರು. ನಮ್ಮ ಕಡೆಯಿಂದ ಆ ದೇಶದ ಒಬ್ಬ ವಕೀಲೆ. ಕಂಪನಿಯ ಕಡೆಯಿಂದ ಬೆಂಗಳೂರಿನ ಒಬ್ಬ ಹಿರಿಯ ವಕೀಲರು, ಕನ್ನಡದವರೇ. ದಾಖಲೆಗೆ ಬೇಕೆಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

ಅವರು ಬರುವ ಹೊತ್ತಿಗೆ ಅತ್ತೆ ಮಗಳ ಮದುವೆಗೆ ಉಟ್ಟಿದ್ದ ಇಳಕಲ್ ಸೀರೆ ಉಟ್ಟು, ಪಡಸಾಲೆಗೆ ಜಮಖಾನ ಹಾಸಿ ನಿಂತಿದ್ದಳು. ಕೂತುಕೊಂಡು ಬರಮಾಡಿಕೊಳ್ಳುವುದು ಹೇಗೆ ಎಂದು ಕೀಲು ಬಿಗಿದ ಆ ಕಾಲಿನಲ್ಲೇ ನಿಂತದ್ದು. ಸ್ಟೀಲಿನ ಲೋಟಗಳಲ್ಲಿ ನಾನು ತಂದ ನೀರು. ವಿದೇಶದ ವಕೀಲೆ ನಮಸ್ಕಾರ ಮಾಡಿ, ತನ್ನ ಬಾಟಲಿ ತೋರಿಸಿ, ಬೇಡವೆಂದಳು. ಆ ಊರಿನ ನೀರು ವಿಷವೆಂದು ಅರ್ಜಿ ಹಾಕಿದವಳು ಅದನ್ನು ಹೇಗೆ ಕುಡಿದಾಳು? ಸರಿಯಾದದ್ದನ್ನೇ ಮಾಡಿದಳು. ಅತ್ತೆಯ ಮುಖ ಮಾತ್ರ ಸಣ್ಣದಾಯಿತು. ಕಂಪನಿಯ ವಕೀಲರು ಚಪ್ಪಲಿ ಬಿಟ್ಟು ಒಳಗೆ ಬಂದರು, “ಕೊಡಿ ತಾಯಿ,” ಎಂದು ಲೋಟ ತೆಗೆದುಕೊಂಡು ಪೂರ್ತಿ ಕುಡಿದರು, ಚೆನ್ನಾಗಿದೆ ಎಂದರು. ಅತ್ತೆ ಇನ್ನೊಂದು ಲೋಟ ತುಂಬಿಸಿದಳು.

ಕ್ಯಾಮೆರಾ ಶುರುವಾಯಿತು. ಆರೋಗ್ಯ ಹೇಗಿದೆ ಎಂಬುದು ಮೊದಲ ಪ್ರಶ್ನೆ. “ಆರಾಮ ಅದೀನ್ರಿ,” ಎಂದಳು ಅತ್ತೆ. ಮನೆಗೆ ಬಂದವರು ಹೇಗಿದ್ದೀರಿ ಎಂದರೆ ನಮ್ಮ ಕಡೆ ಯಾರೂ ಮೊದಲಿಗೆ ನೋವು ತೆಗೆಯುವುದಿಲ್ಲ. ಹೆಣ ಇಟ್ಟುಕೊಂಡ ಮನೆಯಲ್ಲೂ ಒಂದು ಕ್ಷಣ ಬಾಯಿಗೆ ಬರುವುದು ಆರಾಮ ಎಂಬ ಮಾತೇ. ನಾನು ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ಕಂಪನಿಯ ವಕೀಲರು ಲೋಟ ಎತ್ತಿ ಕ್ಯಾಮೆರಾಕ್ಕೆ ತೋರಿಸಿದರು. ತಾನು ಈಗ ಕುಡಿದದ್ದು ಎಲ್ಲಿಯ ನೀರು ಎಂದು ಕೇಳಿದರು.

ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದು ಅತ್ತೆಯ ಮುಖ ನೋಡಿದೆ. ಗಂಗಾವತಿ ಎಂಬ ಒಂದು ಶಬ್ದ ಸಾಕಿತ್ತು. ಖಾಲಿ ಕ್ಯಾನು ಬಾಗಿಲ ಹಿಂದೆಯೇ ಇತ್ತು.

“ನಮ್ಮ ಮನಿ ನೀರ್ರಿ,” ಎಂದಳು ಅತ್ತೆ.

ನಾನು ಅದನ್ನು ಹೇಳಿದ ಹಾಗೆ ಹೇಳಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ. ಆವತ್ತಿಗೆ ತಮ್ಮ ಪ್ರಶ್ನೆ ಮುಗಿಯಿತೆಂದು ಅವರು ಲೋಟ ಕೆಳಗಿಟ್ಟರು.

ಅವರ ಕಾರು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಆ ಒಂದು ಮಾತಿನಿಂದ, ಕೆಟ್ಟಿದೆ ಎಂದು ದೂರುವವಳ ಮನೆಯ ನೀರು ಚೆನ್ನಾಗಿದೆ ಎಂದು ದಾಖಲೆಯಾಯಿತು, ಕುಡಿದು ಹೊಗಳಿದ್ದು ಎದುರಾಳಿ, ಇದಕ್ಕಿಂತ ಒಳ್ಳೆಯ ಸಾಕ್ಷಿ ಅವರಿಗೆ ಬೇಕೇ ಎಂದೆ. ಆಕೆ ಲೋಟ ತೊಳೆಯುತ್ತ ಕೇಳಿಸಿಕೊಂಡಳು.

“ನೀರು ಕೊಟ್ಟು, ಇದು ನಿಮಗಂತ ಬ್ಯಾರೆ ಊರಿಂದ ತರಸೀನಿ ಅಂದ್ರ ಅದು ನೀರು ಕೊಟ್ಟಂಗಾತೇನು? ಹಂಗಿಸಿದಂಗಾತು.”

“ಅಂವ ಬಂದಿದ್ದು ನಿನ್ನ ಮಾತು ಮುರ್ಯಾಕ, ಅತ್ತಿ.”

“ಮನಿಗಂತೂ ಬಂದಿದ್ನಿಲ್ಲ?”

ಇದಕ್ಕೆ ನನ್ನಲ್ಲಿ ಎದುರುವಾದ ಇತ್ತು, ಎರಡು ಮೂರು ಇದ್ದವು. ಎಲ್ಲವನ್ನೂ ಹೇಳಿದೆ. ಆಕೆ ಲೋಟಗಳನ್ನು ಬೋರಲು ಹಾಕಿ, ನಾಳೆ ಕುಷ್ಟಗಿಗೆ ಯಾವ ಬಸ್ಸು ಎಂದು ಕೇಳಿದಳು.

ಕುಷ್ಟಗಿಯ ಹಾಲಿನಲ್ಲಿ ಉದ್ದನೆಯ ಮೇಜು, ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳು. ಕಂಪನಿಯ ವಕೀಲರು ಎದ್ದು ಅತ್ತೆಗೆ ಕುರ್ಚಿ ಎಳೆದುಕೊಟ್ಟರು, ಬಾಟಲಿಯ ನೀರು ಕೊಟ್ಟರು. ಅತ್ತೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಯಾರೂ ಕೇಳುವ ಮೊದಲೇ ಹೇಳಿದಳು: “ನಿನ್ನಿ ನೀವು ನನ್ನ ಮನಿಗೆ ಬಂದಿದ್ರಿ. ಇವತ್ತ ನಾ ನಿಮ್ಮ ಕಡೆ ಬಂದೀನಿ. ಈಗ ಏನ್ ಬೇಕು ಕೇಳ್ರಿ, ಹೇಳ್ತೀನಿ.”

ಹೇಳಿದಳು ಕೂಡ. ಕುತ್ತಿಗೆ, ಮಂಡಿ, ಹಸಿರು ದೀಪ, ಕೂಸು ಬಂದ ದಿನ, ಹಲ್ಲು ಬಂದ ದಿನ. ಮಗಳು ಹೇಳಿಹೋದ ಮಾತನ್ನೂ ಹೇಳಿದಳು. ನಮ್ಮ ಕಡೆಯ ವಕೀಲೆ ಬರೆದುಕೊಳ್ಳುವುದನ್ನು ನಿಲ್ಲಿಸಿ ಆಕೆಯನ್ನೇ ನೋಡುತ್ತಿದ್ದಳು. ಗೆದ್ದೆವು ಅಂದುಕೊಂಡೆ.

ಆಮೇಲೆ ಕಂಪನಿಯ ವಕೀಲರು ನಿನ್ನೆಯ ನೀರು ಎಲ್ಲಿಯದು ಎಂದು ಮತ್ತೊಮ್ಮೆ ಕೇಳಿದರು. ಗಂಗಾವತಿಯದು ಎಂದಳು. ನಿನ್ನೆ ನಿಮ್ಮ ಮನೆಯದು ಎಂದಿರಲ್ಲ? ಹೌದು, ಅಂದೆ ಎಂದಳು. ಎರಡರಲ್ಲಿ ಯಾವುದು ನಿಜ?

“ಎರಡೂ ಖರೇನ್ರಿ.”

ನಮ್ಮ ಕಡೆಯ ವಕೀಲೆ ಆಕೆಯನ್ನು ಉಳಿಸಲು ನೋಡಿದಳು. ಹಾಗಾದರೆ ನಿನ್ನೆ ಯಾಕೆ ಗಂಗಾವತಿ ಎನ್ನಲಿಲ್ಲ ಎಂದು ಕೇಳಿದಳು. ಅತ್ತೆ ನನ್ನತ್ತ ಮೈ ತಿರುಗಿಸಿ, ಇಷ್ಟೂ ತಿಳಿಯದೇ ಇವರಿಗೆ ಎನ್ನುವ ಹಾಗೆ ನೋಡಿ, “ಮನಿಗೆ ಬಂದವರ ಮುಂದ ಹಂಗ ಹೇಳಬಾರದ್ರಿ,” ಎಂದಳು. ಕಂಪನಿಯ ವಕೀಲರು ಅನುವಾದಕ್ಕೆ ಕಾಯಲಿಲ್ಲ. ಕನ್ನಡದಲ್ಲೇ ಅವರಿಗೆ ಅರ್ಥವಾಗಿತ್ತು. ತಲೆ ತಗ್ಗಿಸಿ ತಮ್ಮ ಪೆನ್ನನ್ನು ನೋಡುತ್ತ ಕೂತರು. ಆದರೂ ದಾಖಲೆಗೆ ಇಂಗ್ಲಿಷು ಬೇಕಲ್ಲ, ನಾನು ಹೇಳಿದೆ. ನಮ್ಮ ಕಡೆ ನೀರು ಕೊಡುವುದು ಎಂದರೆ ಏನೆಂದು ಎರಡು ವಾಕ್ಯ ಸೇರಿಸಿದ್ದರೆ ಸಾಕಿತ್ತು. ಸೇರಿಸಿದ್ದರೆ ಪ್ರಮಾಣ ಮುರಿದಂತಾಗಿ, ನನ್ನ ಬಾಯಿಂದ ಹೋದ ಊರಿನ ಹೇಳಿಕೆಗಳೆಲ್ಲ ಬಿದ್ದುಹೋಗುತ್ತಿದ್ದವು. ಸೇರಿಸಲಿಲ್ಲ.

ತೀರ್ಪು ಬಂದಾಗ ಒಂದು ಮಳೆಗಾಲ ಕಳೆದಿತ್ತು. ಯಾರಿಗೂ ಬೇರೆಬೇರೆಯಾಗಿ ಪರಿಹಾರವಿಲ್ಲ. ದಂಡದ ಹಣದಲ್ಲಿ, ಅದೇ ಇಲಾಖೆಯ ಮೂಲಕ, ಊರಿಗೆ ಹೊಸ ಘಟಕ. ಯಾಕೆ ಎನ್ನುವುದಕ್ಕೆ ಅವರು ಕೊಟ್ಟ ಕಾರಣ ನನಗೆ ಪರಿಚಿತವಿತ್ತು: ಲಂಚದಿಂದ ಇಡೀ ಸಮಾಜಕ್ಕೆ ಕೆಡುಕಾಗುತ್ತದೆ, ಅದರಲ್ಲಿ ಇಂಥವರಿಗೆ ಇಷ್ಟು ಎಂದು ಕತ್ತರಿಸಿ ತೋರಿಸಲಾಗದು. ಒಮ್ಮೆ ಕೊಪ್ಪಳದಲ್ಲಿ ವಿರೋಧದ ಚೀಟಿ ಬಂದು ನಾನು ಇದನ್ನೇ ಇನ್ನೂ ಚೆನ್ನಾಗಿ ಹೇಳಿ ಬಹುಮಾನ ತಂದಿದ್ದೆ. ಕೂಸಿನ ವಿಷಯಕ್ಕೆ ಪ್ರತ್ಯೇಕವಾಗಿ ಒಂದು ಮಾತಿತ್ತು. ಕೂಸು ಆ ನೀರನ್ನೇ ಕುಡಿಯಿತು ಎನ್ನುವುದಕ್ಕೆ ಅಜ್ಜಿ ಒಬ್ಬಳೇ ಸಾಕ್ಷಿ, ಆಕೆಯ ಹೇಳಿಕೆ ಕೇಳುವವರು ಯಾರು ಎನ್ನುವುದರ ಮೇಲೆ ಬದಲಾಗುತ್ತದೆ, ಹಾಗೆಂದು ಆಕೆಯೇ ಒಪ್ಪಿದ್ದಾಳೆ, ಆದ್ದರಿಂದ ನಂಬಲಾಗದು.

ಅತ್ತೆ ಕೇಳಿದ್ದು ಅದನ್ನೇ. “ನನ್ನ ಬಗ್ಗೆ ಏನ್ ಬರದಾರ?”

ಪ್ರಮಾಣ ಮುಗಿದು ತಿಂಗಳುಗಳಾಗಿದ್ದವು. ಈಗ ಕೂಡಿಸಬಹುದಿತ್ತು, ಕಳೆಯಬಹುದಿತ್ತು. ಆಕೆಯ ಮುಖ ನೋಡಿ ಎರಡೂ ಆಗಲಿಲ್ಲ. ಬರೆದದ್ದನ್ನು ಬರೆದ ಹಾಗೆ ಹೇಳಿದೆ. 

“ಮಾತು ತಪ್ಪಿದಾಕಿ ಅಂದ್ರು,” ಎಂದಳು.

ಹಾಗಲ್ಲ ಅತ್ತಿ, ಕಾನೂನಿನಲ್ಲಿ ಅದಕ್ಕೆ ಬೇರೆ ಅರ್ಥ ಎಂದು ಶುರುಮಾಡಿದೆ. ಆಕೆ ಕೈ ಎತ್ತಿ ನಿಲ್ಲಿಸಿದಳು. ಆ ಊರಿನಲ್ಲಿ ಮಾತು ತಪ್ಪಿದವರು ಎಂಬುದಕ್ಕಿಂತ ಕೆಳಗಿನ ಬೈಗುಳ ಇಲ್ಲ. ಮಗಳಿಗೆ ತೋರಿಸಲೆಂದು ಆಕೆ ಕಾಯುತ್ತಿದ್ದ ಬರಹ ಅಂತೂ ಬಂದಿತ್ತು.

ಹೊಸ ಘಟಕ ಎದ್ದು ನಿಂತದ್ದು ಅತ್ತೆಯ ಮನೆಯ ಎದುರಿನ ಬಯಲಿನಲ್ಲಿ. ಉದ್ಘಾಟನೆಗೆ ಇಲಾಖೆಯವರು ಬರುತ್ತಾರೆ, ಕಂಪನಿಯ ಪರವಾಗಿ ಅದೇ ಹಿರಿಯ ವಕೀಲರು ಫೋಟೊ ತೆಗೆಸಿ ಸಹಿ ಹಾಕಿಸಿಕೊಳ್ಳಲು ಬರುತ್ತಾರೆ, ಕೂತುಕೊಳ್ಳುವ ವ್ಯವಸ್ಥೆ ಅತ್ತೆಯ ಪಡಸಾಲೆಯಲ್ಲಿ ಎಂದು ಪಂಚಾಯಿತಿಯಿಂದ ಹೇಳಿ ಕಳಿಸಿದ್ದರು. ಈ ಸಲ ಅತ್ತೆ ನನಗೆ ನೀರು ತಾ ಎನ್ನಲಿಲ್ಲ. ಮರೆತಿರಬೇಕೆಂದು ನಾನೇ ಎರಡು ಕ್ಯಾನು ತುಂಬಿಸಿಕೊಂಡು ಹೋದೆ. ನೋಡಿದವಳೇ, “ಬಾಗಲ ಹಿಂದ ಇಡು,” ಎಂದಳು. ಬೋರಿನ ನಳದ ಕೆಳಗೆ ಕೊಡ ಇಟ್ಟು ತುಂಬಿಸಿದಳು. ಆಮೇಲೆ, ನಾನು ಕೇಳದಿದ್ದರೂ, ಹೇಳಿದಳು: “ಅವತ್ತ ನಮ್ಮ ಮನಿ ನೀರು ಅಂದಿದ್ದೆ. ಇವತ್ತ ಅದನ್ನ ಕೊಡ್ತೀನಿ.”

ಬೇಡ ಎನ್ನುವುದು ಹೇಗೆ? ವರ್ಷವಿಡೀ ನಾನು ವಾದಿಸಿದ್ದು ಅದನ್ನೇ ಅಲ್ಲವೇ.

ಹೊಸ ಘಟಕಕ್ಕೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ. ಫೋಟೊದಲ್ಲಿ ನಳದಿಂದ ನೀರು ಬೀಳಬೇಕಲ್ಲ, ಬೆಳಿಗ್ಗೆಯೇ ಟ್ಯಾಂಕರಿನಿಂದ ಮೇಲಿನ ಟಾಕಿ ತುಂಬಿಸಿದ್ದರು. ರಿಬ್ಬನ್ ಕತ್ತರಿಸಿದರು, ಚಪ್ಪಾಳೆಯಾಯಿತು, ಎಲ್ಲರೂ ಪಡಸಾಲೆಗೆ ಬಂದರು. ಇಲಾಖೆಯವರು ತಮ್ಮ ಬಾಟಲಿಗಳನ್ನು ಹಿಡಿದೇ ಕೂತರು. ವಕೀಲರು ಹಿಂದಿನ ಸಲದಂತೆಯೇ ಚಪ್ಪಲಿ ಬಿಟ್ಟು ಬಂದು, “ಚೆನ್ನಾಗಿದ್ದೀರಾ ತಾಯಿ,” ಎಂದು, ಕೇಳುವ ಮೊದಲೇ ಲೋಟಕ್ಕೆ ಕೈ ಚಾಚಿದರು. ಒಂದು ದೊಡ್ಡ ಗುಟುಕು ಬಾಯಿಗೆ ಹೋಯಿತು. ಅಲ್ಲೇ ನಿಂತಿತು. ಆ ನೀರು ಸವಳು, ನಾಲಿಗೆಗೆ ಸುಣ್ಣದ ಹಾಗೆ ಹತ್ತುತ್ತದೆ. ಉಗುಳುವಂತಿಲ್ಲ, ಎದುರಿಗೆ ಅತ್ತೆ ನಿಂತಿದ್ದಾಳೆ. ನುಂಗಿದರು.

“ನಮ್ಮ ಮನಿ ನೀರ್ರಿ,” ಎಂದಳು ಅತ್ತೆ.

ಅವರು ನನ್ನ ಕಡೆ ನೋಡಿದರು, ಅನುವಾದಕ್ಕೆ ಕಾಯುವವರ ಹಾಗೆ. ಆಮೇಲೆ ಬಹಳ ಮೆಲ್ಲಗೆ, “ದಿನಾ ಇದೇನಾ ತಾಯಿ?” ಎಂದರು. ದಿನಾ ಇದೇ ಎಂದಳು. ಅವರು ಲೋಟವನ್ನು ಪಕ್ಕಕ್ಕಿಟ್ಟರು, ಇನ್ನೊಮ್ಮೆ ಎತ್ತಲಿಲ್ಲ. ಕ್ಯಾಮೆರಾ ಹೊರಗೆ ಘಟಕದ ಫೋಟೊ ತೆಗೆಯುತ್ತಿತ್ತು.

ನಾನು ಒಳಗೊಳಗೇ ಕುಣಿಯುತ್ತಿದ್ದೆ ಎಂದರೆ ಸುಳ್ಳಲ್ಲ. ಅವರು ಹೋದ ಮೇಲೆ ಅತ್ತೆಯ ಕಡೆ ತಿರುಗಿದರೆ ಆಕೆ ಲೋಟ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಮಧ್ಯಾಹ್ನ ರೊಟ್ಟಿ ಹಾಕಿಕೊಟ್ಟರೆ ಮುಟ್ಟಲಿಲ್ಲ. “ಕೈ ಚಾಚಿ ಬಂದಾವಗ ಇಂಥಾದ್ದು ಹಾಕಿದೆ,” ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದಳು. ಅವನು ಯಾರೆಂದು ಮರೆತೆಯಾ ಎಂದು ರೇಗಿದೆ. ಮರೆತಿಲ್ಲ ಎಂದಳು. ಬಾಗಿಲ ಹಿಂದಿನ ಕ್ಯಾನುಗಳನ್ನು ತೋರಿಸಿ, ಇವನ್ನು ತೆಗೆದುಕೊಂಡು ಹೋಗು ಎಂದಳು. ಹೋಗುವಾಗ ಸಿದ್ದಾಪುರಕ್ಕೆ ಹೋಗಿ ಮಗಳಿಗೆ ಇವತ್ತು ನಡೆದದ್ದನ್ನು ಹೇಳಬೇಕೆಂದಳು.

“ಹೆಂಗ ಆತೋ ಹಂಗ ಹೇಳು. ಕೂಡಿಸಬ್ಯಾಡ, ಕಳೀಬ್ಯಾಡ.”

ಗಂಗಾವತಿಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರ ಮುಟ್ಟಿದಾಗ ಅಕ್ಕ ಮಿಲ್ಲಿನಿಂದ ಆಗಷ್ಟೇ ಬಂದು, ತಲೆಗೆ ಕಟ್ಟಿದ ಬಟ್ಟೆಯಿಂದ ತೌಡಿನ ಧೂಳು ಕೊಡವುತ್ತಿದ್ದಳು. “ಬರ್ರಿ ವಕೀಲ್ರ, ಕೇಸು ಹೋತಂತ?” ಎಂದಳು. ಮಗಳು ಒಳಗಿನಿಂದ ಬಂದು, ನನ್ನನ್ನು ನೋಡಿ, ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕು, ಒಳಗೆ ಹೋದಳು. ನಾನು ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕೊಡದ ನೀರು, ಒಂದು ಗುಟುಕು, ವಕೀಲರ ಮುಖ, ಎರಡೆರಡು ಸಲ ತೊಳೆದ ಲೋಟ. ಅಕ್ಕ ಬಟ್ಟೆ ಕೊಡವುವುದನ್ನು ಎಂದೋ ನಿಲ್ಲಿಸಿದ್ದಳು.

“ಅಂವಗ ಒಂದ ಗುಟುಕಿಗೆ ಗೊತ್ತಾತು,” ಎಂದಳು. “ಅವ್ವಗ ಅಷ್ಟ ವರ್ಷ ಗೊತ್ತಾಗ್ಲಿಲ್ಲೇನು?”

ಇದು ಕುಷ್ಟಗಿಯ ಹಾಲಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಎದುರಾಳಿಯ ಗಟ್ಟಿ ಮಾತು ಹುಡುಕುವಾಗ ನನಗೂ ಸಿಕ್ಕಿರಲಿಲ್ಲ. ಉತ್ತರ ಇತ್ತು. ಒಮ್ಮೆಲೇ ಬದಲಾದ ರುಚಿ ನಾಲಿಗೆಗೆ ಹತ್ತುತ್ತದೆ, ದಿನಕ್ಕಿಷ್ಟು ಬೆರೆಸುತ್ತ ಹೋದರೆ ಹತ್ತುವುದಿಲ್ಲ. ಜೀವನವಿಡೀ ಸವಳು ಕುಡಿದ ನಾಲಿಗೆ ಬೇರೆ, ಬೆಂಗಳೂರಿನ ನಾಲಿಗೆ ಬೇರೆ. ಅನುಮಾನ ಬಂದು ಕೇಳಿದಾಗ ಬೇಸಿಗೆ ಎಂದರು, ದೀಪ ತೋರಿಸಿದರು. ಎಲ್ಲವನ್ನೂ ಒಂದರ ಹಿಂದೊಂದು ಹೇಳಿದೆ. ಒಂದೂ ತಪ್ಪಿರಲಿಲ್ಲ. ಅಕ್ಕ ಕೇಳಿ, ನೀನು ಚೆನ್ನಾಗಿ ಮಾತಾಡುತ್ತೀ ಎಂದಳು. ಆಮೇಲೆ ನನ್ನ ಪಕ್ಕದಲ್ಲಿದ್ದ ಕ್ಯಾನುಗಳು ಆಕೆಯ ಕಣ್ಣಿಗೆ ಬಿದ್ದವು. ತುಂಬಿದ ಕ್ಯಾನು ಯಾಕೆ ಹೊತ್ತುಕೊಂಡು ತಿರುಗುತ್ತಿದ್ದೀ ಎಂದು ಕೇಳಿದಳು. ಅತ್ತೆ ತೆರೆಯಲೇ ಇಲ್ಲ ಎಂದೆ.

“ಮತ್ತ ಈಗ ಏನ್ ಕುಡಿತಾಳ?”

“ಅದನ್ನ.”

ಅಕ್ಕ ಬಗ್ಗಿ ಎರಡೂ ಕ್ಯಾನು ಎತ್ತಿ, ಒಳಗೆ ಒಯ್ದು, ಬಾಗಿಲ ಹಿಂದೆ ಇಟ್ಟಳು. ಕಾಲುವೆಯ ನೀರು ಮನೆತುಂಬ ಇರುವ ಆ ಊರಿನಲ್ಲಿ ಅವು ಅವಳಿಗೆ ಯಾಕೆ ಬೇಕಾದವೋ, ತವರಿಗೆ ಒಯ್ಯಲಿಕ್ಕೇನು ಎಂದು ನನಗೆ ಕೇಳಬೇಕೆನಿಸಿತು. ಕೇಳದೆ ಬಸ್ಸಿಗೆ ಹೊರಟೆ.